ಜೀವಕೋಶದ ಒಳಗೂ ಹೊರಗೂ: ಕಿಣ್ವವಿಚಾರದ ಬೆಳವಣಿಗೆ ಮತ್ತು ಯಕೃತ್ತಿನ ರಕ್ತಪರೀಕ್ಷೆ

೧. ಪೀಠಿಕೆ

ಪಾಶ್ಚಾತ್ಯರ ಎನ್‌ಜೈಮ್ ಎಂಬ ಶಬ್ದಕ್ಕೆ ಸಮಾನವಾಗಿ ಕನ್ನಡದಲ್ಲಿ 'ಕಿಣ್ವ'ವೆಂಬ ಪದ ರೂಢಿಗೆ ಬಂದಿದೆ. ಇದು ಪಾರಿಭಾಷಿಕ ಅಗತ್ಯಕ್ಕಾಗಿ ಹೊಸದಾಗಿ ಟಂಕಿಸಿದ ಮಾತಲ್ಲ. ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ನಿರೂಪಿಸುವ ಅಧ್ಯಾಯದಲ್ಲಿ, ಉದ್ದು ಅಕ್ಕಿಗಳಿಗೆ ಕೆಲವು ಮೂಲಿಕೆಗಳನ್ನು ಕೂಡಿಸಿ ಕಿಣ್ವವನ್ನು ಸಿದ್ಧಪಡಿಸುವ ಕ್ರಮ ಉಕ್ತವಾಗಿದೆ. ಬಹುಕಾಲ ಮರೆಯಾಗಿದ್ದ ಆ ಗ್ರಂಥವನ್ನು ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಿಸಿ ಲೋಕದ ವಿದ್ವಾಂಸರ ಕೈಗೆ ಕೊಟ್ಟರೆಂಬುದು ನಮ್ಮ ನಾಡಿಗೆ ಅಭಿಮಾನದ ಸಂಗತಿ. ದರ್ಶನಶಾಸ್ತ್ರದಲ್ಲಿಯೂ ಈ ಶಬ್ದಕ್ಕೆ ಸ್ಥಾನವುಂಟು. ಕಿಣ್ವ ಮೊದಲಾದ ದ್ರವ್ಯಗಳು ಸೇರಿದಾಗ ಯಾವೊಂದರಲ್ಲಿಯೂ ಮೊದಲಿಲ್ಲದ ಮದಶಕ್ತಿ ಹೇಗೆ ತೋರುವುದೋ ಹಾಗೆಯೇ ಭೂತಗಳು ಸೇರಿದಾಗ ಚೈತನ್ಯ ತೋರುವುದೆಂದು ಚಾರ್ವಾಕರು ವಾದಿಸುತ್ತಿದ್ದರೆಂದು ಅವರ ಪ್ರತಿಪಕ್ಷದವರು ನಿರೂಪಿಸಿದ್ದಾರೆ. ಹುದುಗಿಸುವ ಶಕ್ತಿ ಜೀವಕ್ಕೆ ಸೇರಿದುದೋ, ಬರಿಯ ದ್ರವ್ಯಕ್ಕೆ ಸೇರಿದುದೋ ಎಂಬ ಪ್ರಶ್ನೆ ಹೀಗೆ ಬಹು ಪ್ರಾಚೀನವಾದುದು.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಇದೇ ಪ್ರಶ್ನೆ ಪ್ರಯೋಗಶಾಲೆಯನ್ನು ಪ್ರವೇಶಿಸಿತು. ಕಿಣ್ವವು ಜೀವಕೋಶದ ಒಳಗೆ ಮಾತ್ರ ಕೆಲಸಮಾಡಬಲ್ಲುದೇ, ಹೊರಗೂ ಮಾಡಬಲ್ಲುದೇ ಎಂಬುದು ಅದರ ಹೊಸ ರೂಪ. ಅದಕ್ಕೆ ನಿರ್ಣಾಯಕವಾದ ಉತ್ತರ ದೊರೆತದ್ದು ೧೮೯೭ರಲ್ಲಿ. ಅನಂತರ ಅರುವತ್ತು ವರ್ಷ ಕಳೆಯುವುದರೊಳಗೆ ವೈದ್ಯರು ಆ ಉತ್ತರವನ್ನು ಬೇರೊಂದು ರೀತಿಯಲ್ಲಿ ಉಪಯೋಗಿಸಿಕೊಂಡರು. ಕೋಶದ ಒಳಗಿರಬೇಕಾದ ಕಿಣ್ವ ರಕ್ತದಲ್ಲಿ ಕಂಡುಬಂದರೆ ಕೋಶಕ್ಕೆ ಹಾನಿಯಾಗಿದೆಯೆಂದು ಅವರು ತಿಳಿದುಕೊಂಡರು. ಇಂದು ರಕ್ತಪರೀಕ್ಷೆಯ ವರದಿಯಲ್ಲಿ 'ಲಿವರ್ ಎನ್‌ಜೈಮ್ ಹೆಚ್ಚಾಗಿದೆ' ಎಂಬ ಮಾತನ್ನು ಓದದ ಮನೆ ವಿರಳ. ಆದರೆ ಆ ಅಂಕಿಯ ಅರ್ಥವೇನು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದು ವಿದ್ಯಾವಂತರಲ್ಲಿಯೂ ಸ್ಪಷ್ಟವಾಗಿಲ್ಲ. ಈ ಅಂಕಿ ಹುಟ್ಟಿದ ಬಗೆಯನ್ನು ತಿಳಿದರೆ ಅದನ್ನು ಓದುವ ಬಗೆಯೂ ತಿಳಿಯುವುದೆಂಬುದೇ ಪ್ರಕೃತ ಲೇಖನದ ಅಭಿಪ್ರಾಯ.

೨. ಜೀರ್ಣರಸದಿಂದ ಡಯಾಸ್ಟೇಸಿನವರೆಗೆ

ಜಠರದಲ್ಲಿ ಆಹಾರವು ಅರೆಯಲ್ಪಡುವುದೋ ಕರಗಿಸಲ್ಪಡುವುದೋ ಎಂಬ ವಿಚಾರದಿಂದ ಈ ಕಥೆಯನ್ನು ಆರಂಭಿಸಬಹುದು. ಫ್ರಾನ್ಸಿನ ರೆಯೋಮೂರನು ೧೭೫೨ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಹದ್ದಿನ ಜಾತಿಯ ಒಂದು ಹಕ್ಕಿ ಜೀರ್ಣವಾಗದ ವಸ್ತುವನ್ನು ಹಿಂದಕ್ಕೆ ಕಕ್ಕುವ ಸ್ವಭಾವವುಳ್ಳದ್ದು. ಲೋಹದ ಕೊಳವೆಯೊಳಗೆ ಮಾಂಸವನ್ನಿಟ್ಟು, ತುದಿಗಳಿಗೆ ಜಾಲರಿ ಕಟ್ಟಿ, ಅದನ್ನು ಆ ಹಕ್ಕಿಗೆ ನುಂಗಿಸಿದನು. ಕೊಳವೆ ಹೊರಬಂದಾಗ ಅದಕ್ಕೆ ಯಾವ ಜಜ್ಜುಗಾಯವೂ ಇರಲಿಲ್ಲ. ಒಳಗಿನ ಮಾಂಸ ಮಾತ್ರ ಕರಗಿತ್ತು. ಇಟಲಿಯ ಸ್ಪಲ್ಲಾಂಜಾನಿಯು ಮುಂದೆ ಜಠರರಸವನ್ನೇ ಸಂಗ್ರಹಿಸಿ ಗಾಜಿನ ನಳಿಗೆಯಲ್ಲಿ ಮಾಂಸದೊಡನೆ ಸೇರಿಸಿ, ದೇಹದ ಶಾಖ ದೊರೆಯಲೆಂದು ಅದನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡನು. ಜೀರ್ಣಕ್ರಿಯೆಯು ದೇಹದ ಹೊರಗೂ ನಡೆಯಿತು.

೧೮೩೩ರಲ್ಲಿ ಪಾಯೆನ್ ಮತ್ತು ಪೆರ್ಸೋ ಎಂಬ ಇಬ್ಬರು ಫ್ರೆಂಚ್ ರಸಾಯನಶಾಸ್ತ್ರಜ್ಞರು ಮೊಳಕೆ ಬರಿಸಿದ ಬಾರ್ಲಿಯನ್ನು ನೀರಿನಲ್ಲಿ ನೆನೆಸಿ, ಸೋಸಿದ ದ್ರವಕ್ಕೆ ಆಲ್ಕೊಹಾಲನ್ನು ಬೆರೆಸಿ, ತಳಕ್ಕಿಳಿದ ಬಿಳಿಯ ವಸ್ತುವೊಂದನ್ನು ಬೇರ್ಪಡಿಸಿದರು. ಅದರ ಸ್ವಲ್ಪವೇ ಅಂಶವು ಬಹಳ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತಿತ್ತು. ಕುದಿಸಿದರೆ ಆ ಶಕ್ತಿ ನಾಶವಾಗುತ್ತಿತ್ತು. ಅವರು ಅದನ್ನು ಡಯಾಸ್ಟೇಸ್ ಎಂದು ಕರೆದರು. ಈ ಕ್ರಿಯೆಯ ಪರಿಚಯ ನಮ್ಮ ಮನೆಗಳಿಗೆ ಹೊಸತಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿದ ಹಿಟ್ಟಿನಿಂದ ಕೂಸಿಗೆ ಮಾಡುವ ಸರಿ, ಸಾಮಾನ್ಯ ಹಿಟ್ಟಿನ ಗಂಜಿಯಂತೆ ಗಟ್ಟಿಯಾಗದೆ ತೆಳುವಾಗಿಯೂ ತುಸು ಸಿಹಿಯಾಗಿಯೂ ಇರುತ್ತದೆ. ಮೊಳೆತ ಕಾಳಿನ ಕಿಣ್ವವು ಪಿಷ್ಟವನ್ನು ತುಂಡರಿಸಿರುವುದೇ ಇದಕ್ಕೆ ಕಾರಣ.

೧೮೩೬ರಲ್ಲಿ ಜರ್ಮನಿಯ ಶ್ವಾನನು ಜಠರದ ಒಳಪೊರೆಯಿಂದ ಪೆಪ್ಸಿನ್ ಎಂಬ ದ್ರವ್ಯವನ್ನು ಪಡೆದನು. ಇದೇ ಕಾಲದಲ್ಲಿ ಸ್ವೀಡನ್ನಿನ ಬೆರ್ಜೀಲಿಯಸನು, ತಾನು ವ್ಯಯವಾಗದೆ ಇತರ ದ್ರವ್ಯಗಳ ರಾಸಾಯನಿಕ ಬದಲಾವಣೆಗೆ ಪ್ರೇರಕವಾಗುವ ವಸ್ತುಗಳ ಗುಣವನ್ನು ಒಂದೇ ಹೆಸರಿನಡಿ ತಂದು, 'ವೇಗವರ್ಧನೆ' ಎಂದು ನಾವು ಇಂದು ಕರೆಯುವ ಕಲ್ಪನೆಯನ್ನು ಮುಂದಿಟ್ಟನು. ಜೀವಿಗಳ ಶರೀರದಲ್ಲಿಯೂ ಇಂಥ ಸಾವಿರಾರು ಕ್ರಿಯೆಗಳು ನಡೆಯುತ್ತಿರಬಹುದೆಂದು ಆತ ಊಹಿಸಿದನು. ಊಹೆ ಸರಿಯಾಗಿತ್ತು, ಆದರೆ ಅದನ್ನು ಒಪ್ಪಿಸುವುದಕ್ಕೆ ಅರ್ಧ ಶತಮಾನಕ್ಕೂ ಮೀರಿದ ಕಾಲ ಹಿಡಿಯಿತು.

೩. ಯೀಸ್ಟಿನ ವಿವಾದ

ವಿವಾದಕ್ಕೆ ಕಾರಣವಾದುದು ಮದ್ಯದ ಹುದುಗುವಿಕೆ. ೧೮೩೭ರ ವೇಳೆಗೆ ಕಾನ್ಯಾರ್ ದ ಲಾತೂರ್, ಶ್ವಾನ್, ಕ್ಯೂಟ್ಸಿಂಗ್ ಎಂಬ ಮೂವರು ಬೇರೆಬೇರೆಯಾಗಿ ಯೀಸ್ಟು ಒಂದು ಜೀವಿಯೆಂಬ ನಿರ್ಣಯಕ್ಕೆ ಬಂದಿದ್ದರು. ರಸಾಯನಶಾಸ್ತ್ರದ ಪ್ರಬಲ ಆಚಾರ್ಯನಾಗಿದ್ದ ಲೀಬಿಗನಿಗೆ ಇದು ರುಚಿಸಲಿಲ್ಲ. ೧೮೩೯ರಲ್ಲಿ ಆತನೂ ಆತನ ಮಿತ್ರ ವೋಲರನೂ ತಮ್ಮ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ವಿಡಂಬನೆಯನ್ನು ಅಚ್ಚುಹಾಕಿದರು. ಯೀಸ್ಟು ಬಟ್ಟಿಯ ಪಾತ್ರೆಯ ಆಕಾರದ ಪುಟ್ಟ ಪ್ರಾಣಿಯೆಂದೂ ಅದು ಸಕ್ಕರೆಯನ್ನು ತಿಂದು ಮದ್ಯವನ್ನು ವಿಸರ್ಜಿಸುವುದೆಂದೂ ಅಲ್ಲಿ ಹಾಸ್ಯಮಾಡಲಾಗಿತ್ತು. ಆದರೆ ೧೮೫೭ರಿಂದ ಮುಂದಕ್ಕೆ ಲೂಯಿ ಪಾಸ್ಟರನು ಹಾಲು ಹುಳಿಯಾಗುವುದನ್ನೂ ಸಕ್ಕರೆ ಮದ್ಯವಾಗುವುದನ್ನೂ ಸೂಕ್ಷ್ಮವಾಗಿ ಪರಿಶೋಧಿಸಿ, ಪ್ರತಿಯೊಂದು ಹುದುಗುವಿಕೆಗೂ ಒಂದೊಂದು ಜೀವಿಯೇ ಕಾರಣವೆಂದು ಸಾಧಿಸಿದನು. ಜೀವವಿಲ್ಲದೆ ಹುದುಗುವಿಕೆಯಿಲ್ಲ ಎಂಬುದು ಆತನ ನಿಲುವಾಯಿತು.

ಹೀಗಾಗಿ ಕಿಣ್ವಗಳಲ್ಲಿ ಎರಡು ಜಾತಿಗಳು ಏರ್ಪಟ್ಟವು. ಹಾಲಿಗೆ ಹಾಕುವ ಹೆಪ್ಪಿನಂತೆ ಸ್ವತಃ ಜೀವಿಯಾಗಿರುವುದು ಒಂದು. ಪೆಪ್ಸಿನ್, ಡಯಾಸ್ಟೇಸುಗಳಂತೆ ಜೀವಿಯಿಂದ ಬೇರ್ಪಟ್ಟೂ ಕೆಲಸಮಾಡುವುದು ಇನ್ನೊಂದು. ಹೈಡೆಲ್‌ಬರ್ಗಿನ ವಿಲ್‌ಹೆಲ್ಮ್ ಕ್ಯೂನೆಯು ಎರಡನೆಯ ವರ್ಗಕ್ಕೆ ೧೮೭೭ರಲ್ಲಿ 'ಎನ್‌ಜೈಮ್' ಎಂಬ ಹೆಸರನ್ನು ಸೂಚಿಸಿದನು. ಗ್ರೀಕ್ ಭಾಷೆಯಲ್ಲಿ ಇದಕ್ಕೆ 'ಹುದುಗಿನೊಳಗೆ' ಎಂದರ್ಥ. ನಮ್ಮ 'ಕಿಣ್ವ'ವೂ ಪಾಶ್ಚಾತ್ಯರ ಈ ಶಬ್ದವೂ ಒಂದೇ ಹುದುಗಿನ ಪಾತ್ರೆಯಿಂದ ಹುಟ್ಟಿದವು ಎಂಬುದು ಗಮನಾರ್ಹ. ೧೮೭೮ರಲ್ಲಿ ಕ್ಲೋದ್ ಬೆರ್ನಾರನು ತೀರಿಕೊಂಡ ಬಳಿಕ ಆತನ ಟಿಪ್ಪಣಿಗಳು ಪ್ರಕಟವಾದವು. ಯೀಸ್ಟು ಕೋಶದ ಹೊರಗೂ ಮದ್ಯ ಉಂಟಾಗಬಹುದೆಂಬ ಸೂಚನೆ ಅವುಗಳಲ್ಲಿತ್ತು. ಪಾಸ್ಟರನು ಗತಿಸಿದ ಮಿತ್ರನನ್ನೇ ಬಹಿರಂಗವಾಗಿ ಖಂಡಿಸಬೇಕಾಯಿತು. ವಿವಾದದ ಕಾವು ಅಷ್ಟಿತ್ತು.

ಇದನ್ನು ಬಗೆಹರಿಸಿದ ಎಡ್ವರ್ಡ್ ಬುಕ್ನರನು ಈ ವಿವಾದವನ್ನು ಬಗೆಹರಿಸುವ ಉದ್ದೇಶದಿಂದ ಹೊರಟವನಲ್ಲ. ಮ್ಯೂನಿಕ್ಕಿನಲ್ಲಿದ್ದ ಆತನ ಅಣ್ಣ ಹಾನ್ಸ್ ಬುಕ್ನರನಿಗೆ ಔಷಧೋಪಯೋಗಕ್ಕಾಗಿ ಸೂಕ್ಷ್ಮಜೀವಿಗಳ ಒಳಗಿನ ರಸ ಬೇಕಾಗಿತ್ತು. ಯೀಸ್ಟನ್ನು ಮರಳಿನೊಡನೆಯೂ ಒಂದು ಬಗೆಯ ನುಣ್ಣನೆಯ ಮಣ್ಣಿನೊಡನೆಯೂ ಕಲಸಿ, ಒರಳಿನಲ್ಲಿ ಅರೆದು, ಬಟ್ಟೆಯಲ್ಲಿ ಕಟ್ಟಿ, ಭಾರಿ ಒತ್ತಡದಲ್ಲಿ ಹಿಂಡಿ ರಸವನ್ನು ತೆಗೆದರು. ರಸ ಬೇಗ ಕೆಡುತ್ತಿದ್ದುದರಿಂದ, ಹಣ್ಣನ್ನು ಸಕ್ಕರೆಪಾಕದಲ್ಲಿಟ್ಟು ಕಾಪಾಡುವಂತೆ, ಅದಕ್ಕೆ ಸಕ್ಕರೆಯನ್ನು ಬೆರೆಸಿದರು. ರಸವು ಗುಳ್ಳೆಗುಳ್ಳೆಯಾಗಿ ಉಕ್ಕತೊಡಗಿತು. ಒಂದೂ ಜೀವಂತ ಕೋಶವಿಲ್ಲದ ದ್ರವ ಸಕ್ಕರೆಯನ್ನು ಮದ್ಯವಾಗಿಯೂ ಅಂಗಾರಾಮ್ಲವಾಯುವಾಗಿಯೂ ಒಡೆಯುತ್ತಿದ್ದಿತು. ೧೮೯೭ರ ಜನವರಿಯಲ್ಲಿ ಆತ ಇದನ್ನು ವರದಿಮಾಡಿ, ಆ ಶಕ್ತಿಗೆ ಜೈಮೇಸ್ ಎಂದು ಹೆಸರಿಟ್ಟನು. ೧೯೦೭ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಆತನಿಗೆ ಸಂದಿತು. ಹತ್ತು ವರ್ಷಗಳ ಬಳಿಕ, ಮೊದಲನೆಯ ಮಹಾಯುದ್ಧದಲ್ಲಿ, ರುಮೇನಿಯದ ರಣರಂಗದಲ್ಲಿ ಗಾಯಗೊಂಡು ಆತ ಮಡಿದನು.

ಪಾಸ್ಟರನು ಸೋತನೆಂದು ಇಲ್ಲಿ ಹೇಳುವುದು ಪೂರ್ಣ ಸತ್ಯವಾಗದು. ಕಿಣ್ವವನ್ನು ಉತ್ಪತ್ತಿಮಾಡುವುದು ಜೀವಕೋಶವೇ; ಅದು ನೆಲಸಬೇಕಾದ ಸ್ಥಳವೂ ಬಹುಮಟ್ಟಿಗೆ ಕೋಶವೇ. ಬುಕ್ನರನು ತೋರಿಸಿದುದು, ಕೋಶ ಒಡೆದು ಕಿಣ್ವ ಹೊರಬಿದ್ದ ಮೇಲೆಯೂ ತನ್ನ ಕಸುಬನ್ನು ಮರೆಯುವುದಿಲ್ಲವೆಂಬುದನ್ನು. ವೈದ್ಯಶಾಸ್ತ್ರಕ್ಕೆ ಮುಂದೆ ಉಪಯೋಗಕ್ಕೆ ಬಂದುದು ಈ ಎರಡು ಸತ್ಯಗಳೂ ಕೂಡಿಯೇ.

೪. ಕಿಣ್ವದ ಕಾರ್ಯವಿಧಾನ

ಇಲ್ಲಿಂದ ಮುಂದಿನ ಪ್ರಶ್ನೆ ಕಿಣ್ವವು ಹೇಗೆ ಕೆಲಸಮಾಡುತ್ತದೆಂಬುದು. ೧೮೯೪ರಲ್ಲಿಯೇ ಎಮಿಲ್ ಫಿಷರನು ಕಿಣ್ವಕ್ಕೂ ಅದು ಮಾರ್ಪಡಿಸುವ ದ್ರವ್ಯಕ್ಕೂ ಬೀಗ ಮತ್ತು ಬೀಗದಕೈಯ ಹೊಂದಾಣಿಕೆ ಇರಬೇಕೆಂದು ಹೇಳಿದ್ದನು. ಒಂದು ಕಿಣ್ವ ಒಂದೇ ಬಗೆಯ ಕೆಲಸವನ್ನು ಮಾಡುವುದು ಇದರಿಂದ ಅರ್ಥವಾಗುತ್ತದೆ. ೧೯೫೮ರಲ್ಲಿ ಕಾಶ್‌ಲ್ಯಾಂಡನು ಈ ಹೋಲಿಕೆಯನ್ನು ತಿದ್ದಿದನು. ಬೀಗವೂ ಕೈಯೂ ಮೊದಲೇ ಕಡೆದಿಟ್ಟವಲ್ಲ. ದ್ರವ್ಯವು ಬಂದು ಕೂತಾಗ ಕಿಣ್ವವೂ ತನ್ನ ಆಕಾರವನ್ನು ಕೊಂಚ ಬದಲಿಸಿಕೊಂಡು ಅದನ್ನು ಅಪ್ಪಿಕೊಳ್ಳುತ್ತದೆ.

ಯಾವ ರಾಸಾಯನಿಕ ಕ್ರಿಯೆಗೂ ಮೊದಲು ದಾಟಬೇಕಾದ ಒಂದು ಶಕ್ತಿಯ ದಿಣ್ಣೆಯುಂಟು. ಕಿಣ್ವವು ಆ ದಿಣ್ಣೆಯನ್ನು ತಗ್ಗಿಸುತ್ತದೆ. ಕ್ರಿಯೆ ಕಟ್ಟಕಡೆಗೆ ಎಲ್ಲಿ ನಿಲ್ಲಬೇಕೆಂಬುದನ್ನು ಅದು ಬದಲಿಸಲಾರದು. ಅಲ್ಲಿಗೆ ತಲುಪುವ ವೇಗವನ್ನು ಮಾತ್ರ ಹೆಚ್ಚಿಸುತ್ತದೆ. ನಮ್ಮ ರಕ್ತದ ಕೆಂಪು ಕಣದಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ಒಂದು ಅಣು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಅಂಗಾರಾಮ್ಲವಾಯುವಿನ ಅಣುಗಳನ್ನು ಮಾರ್ಪಡಿಸಬಲ್ಲುದು.

೧೯೧೩ರಲ್ಲಿ ಬರ್ಲಿನ್ನಿನಲ್ಲಿ ಲಿಯೊನರ್ ಮಿಖೇಲಿಸನೂ ಕೆನಡಾ ದೇಶದ ವಿದುಷಿ ಮಾಡ್ ಮೆಂಟೆನಳೂ ಈ ವೇಗಕ್ಕೆ ಗಣಿತದ ರೂಪ ಕೊಟ್ಟರು. ಅವರ ಸೂತ್ರದ ತಾತ್ಪರ್ಯವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಹೊಳೆಯ ದಡದಲ್ಲಿ ಎರಡು ಹರಿಗೋಲುಗಳಿವೆಯೆಂದು ಭಾವಿಸೋಣ. ಪ್ರಯಾಣಿಕರು ಒಬ್ಬಿಬ್ಬರಾಗಿ ಬರುತ್ತಿದ್ದರೆ, ಗಂಟೆಗೆ ಎಷ್ಟು ಮಂದಿ ದಾಟುವರೆಂಬುದು ಬರುವವರ ಸಂಖ್ಯೆಯನ್ನು ಅವಲಂಬಿಸುತ್ತದೆ. ಜಾತ್ರೆಯ ದಿನ ದಡದ ತುಂಬ ಜನ ಕಾದುನಿಂತಿದ್ದರೆ ಲೆಕ್ಕ ಬೇರೆ. ಆಗ ದಾಟುವವರ ಸಂಖ್ಯೆಯನ್ನು ನಿರ್ಣಯಿಸುವುದು ಹರಿಗೋಲುಗಳ ಸಂಖ್ಯೆಯೊಂದೇ. ದಾಟಿದವರನ್ನು ಎಣಿಸಿ ಹರಿಗೋಲುಗಳೆಷ್ಟೆಂದು ಹೇಳಿಬಿಡಬಹುದು.

ಇಂದಿನ ರಕ್ತಪರೀಕ್ಷೆಯ ತತ್ತ್ವ ಇದರಲ್ಲಿಯೇ ಅಡಗಿದೆ. ರಕ್ತದ ಸೀರಮ್ಮಿನಲ್ಲಿರುವ ಕಿಣ್ವದ ತೂಕ ಅತ್ಯಲ್ಪ. ವಾಡಿಕೆಯ ಪರೀಕ್ಷೆಯಲ್ಲಿ ಅದನ್ನು ತೂಗುವುದಿಲ್ಲ. ಅದಕ್ಕೆ ಬೇಕಾದ ದ್ರವ್ಯವನ್ನು ಯಥೇಚ್ಛವಾಗಿ ಒದಗಿಸಿ, ಒಂದು ನಿಮಿಷದಲ್ಲಿ ಅದು ಎಷ್ಟು ಕೆಲಸ ಮಾಡಿತೆಂದು ಅಳೆಯುತ್ತಾರೆ. ನಿಮಿಷಕ್ಕೆ ಒಂದು ಮೈಕ್ರೋಮೋಲ್ ದ್ರವ್ಯವನ್ನು ಮಾರ್ಪಡಿಸುವ ಕಿಣ್ವದ ಮೊತ್ತವೇ ಒಂದು ಯೂನಿಟ್ ಎಂಬ ವ್ಯವಸ್ಥೆ ಅಂತರರಾಷ್ಟ್ರೀಯ ಕಿಣ್ವ ಆಯೋಗದ ೧೯೬೧ರ ವರದಿಯಿಂದ ರೂಢಿಗೆ ಬಂತು. ಆದುದರಿಂದ ವರದಿಯಲ್ಲಿ ಲೀಟರಿಗೆ ೪೦ ಯೂನಿಟ್ ಎಂದಿದ್ದರೆ ಅದು ತೂಕವಲ್ಲ, ಕೆಲಸದ ಅಳತೆ.

ಕಿಣ್ವವು ಯಾವ ದ್ರವ್ಯದಿಂದಾದುದೆಂಬ ಪ್ರಶ್ನೆಯೂ ಸುಲಭವಾಗಿ ಬಗೆಹರಿಯಲಿಲ್ಲ. ಅದು ಪ್ರೋಟೀನಲ್ಲವೆಂದು ಜರ್ಮನಿಯ ಮಹಾವಿದ್ವಾಂಸ ವಿಲ್‌ಷ್ಟೆಟರನು ಸಾರಿದ್ದನು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಸಮ್ನರನು ಹದಿಹರೆಯದಲ್ಲಿ ಬೇಟೆಯ ಅಪಘಾತದಲ್ಲಿ ಎಡಗೈಯನ್ನು ಕಳೆದುಕೊಂಡವನು. ೧೯೧೭ರಲ್ಲಿ ಆರಂಭಿಸಿದ ಯತ್ನ ೧೯೨೬ರಲ್ಲಿ ಫಲಿಸಿ, ಜ್ಯಾಕ್ ಬೀನ್ ಎಂಬ ಕಾಳಿನ ಹಿಟ್ಟಿನಿಂದ ಯೂರಿಯೇಸ್ ಕಿಣ್ವವನ್ನು ಹರಳುಗಳಾಗಿ ಪಡೆದು, ಅದು ಪ್ರೋಟೀನೆಂದು ತೋರಿಸಿದನು. ಹಲವರು ನಂಬಲಿಲ್ಲ. ೧೯೩೦ರಲ್ಲಿ ನಾರ್ತ್ರಪನು ಪೆಪ್ಸಿನ್ನನ್ನೂ ಹರಳಾಗಿಸಿದ ಮೇಲೆ ಸಂಶಯಕ್ಕೆ ಎಡೆಯುಳಿಯಲಿಲ್ಲ. ೧೯೪೬ರಲ್ಲಿ ಇಬ್ಬರಿಗೂ, ಸ್ಟ್ಯಾನ್ಲಿಯೊಡನೆ, ನೊಬೆಲ್ ಪಾರಿತೋಷಕ ದೊರೆಯಿತು. ಕೆಲವು ಆರ್‌ಎನ್‌ಎ ಅಣುಗಳೂ ಕಿಣ್ವದಂತೆ ವರ್ತಿಸುತ್ತವೆಂಬುದು ೧೯೮೦ರ ದಶಕದಲ್ಲಿ ತಿಳಿದುಬಂದುದರಿಂದ ಸಮ್ನರನ ನಿರ್ಣಯಕ್ಕೂ ಒಂದು ಅಪವಾದ ಸೇರಿತು. ಆದರೆ ನಾವು ಇಲ್ಲಿ ಪ್ರಸ್ತಾಪಿಸುವ ಕಿಣ್ವಗಳೆಲ್ಲವೂ ಪ್ರೋಟೀನುಗಳೇ.

೫. ರಕ್ತದಲ್ಲಿ ಕಂಡ ಕಿಣ್ವ

ರೋಗನಿರ್ಣಯಕ್ಕೆ ಕಿಣ್ವವನ್ನು ಅಳೆಯುವ ಪದ್ಧತಿ ಯಕೃತ್ತಿನಿಂದ ಆರಂಭವಾಗಲಿಲ್ಲ. ೧೯೦೮ರಲ್ಲಿ ವೋಲ್‌ಗೆಮೂಟನು ಮೇದೋಜೀರಕಾಂಗದ ರೋಗದಲ್ಲಿ ಮೂತ್ರದ ಅಮೈಲೇಸನ್ನು ಅಳೆಯುವ ವಿಧಾನವನ್ನು ಕೊಟ್ಟನು. ೧೯೩೦ರ ದಶಕದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವು ಎಲುಬಿನ ರೋಗಗಳಲ್ಲಿ ಮಾತ್ರವಲ್ಲದೆ, ಪಿತ್ತನಾಳ ಕಟ್ಟಿದುದರಿಂದ ಬರುವ ಕಾಮಾಲೆಯಲ್ಲಿಯೂ ಏರುವುದೆಂದು ತಿಳಿಯಿತು. ಯಕೃತ್ತಿನ ಕೋಶವೇ ಕೆಟ್ಟು ಬಂದ ಕಾಮಾಲೆ ಯಾವುದು, ನಾಳ ಕಟ್ಟಿ ಬಂದುದು ಯಾವುದು ಎಂಬುದನ್ನು ವಿಂಗಡಿಸುವುದಕ್ಕೆ ಇದು ನೆರವಾಯಿತು. ಆದರೆ ಕೋಶದ ಹಾನಿಯನ್ನು ನೇರವಾಗಿ ತಿಳಿಸುವ ಸೂಚಕ ಇನ್ನೂ ದೊರೆತಿರಲಿಲ್ಲ.

೧೯೩೭ರಲ್ಲಿ ಮಾಸ್ಕೋದಲ್ಲಿ ಬ್ರೌನ್‌ಷ್ಟೈನ್ ಮತ್ತು ಕ್ರಿಟ್ಸ್‌ಮನ್ ಎಂಬುವರು ಒಂದು ಅಮೈನೋ ಆಮ್ಲದಿಂದ ಅಮೈನೋ ಗುಂಪನ್ನು ಎತ್ತಿ ಇನ್ನೊಂದು ಆಮ್ಲಕ್ಕೆ ಒಪ್ಪಿಸುವ ಕ್ರಿಯೆಯನ್ನು ವಿವರಿಸಿದರು. ಈ ವರ್ಗಾವಣೆಯನ್ನು ನಡೆಸುವ ಕಿಣ್ವಗಳಿಗೆ ಟ್ರಾನ್ಸ್‌ಅಮಿನೇಸ್ ಎಂದು ಹೆಸರಾಯಿತು. ಆಹಾರದ ಪ್ರೋಟೀನಿಗೂ ಸಕ್ಕರೆಯ ಮಾರ್ಗಕ್ಕೂ ನಡುವಣ ಸೇತುವೆಯಿದು. ಇವುಗಳಿಗೆ ಬಿ-೬ ಜೀವಸತ್ವದ ಒಂದು ರೂಪ ಸಹಾಯಕವಾಗಿ ಬೇಕು. ಯಕೃತ್ತಿನ ಕೋಶದೊಳಗೆ ಇವುಗಳ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಅಧಿಕ.

ಹದಿನೇಳು ವರ್ಷ ಈ ಜ್ಞಾನ ಜೀವರಸಾಯನದ ಗ್ರಂಥಗಳಲ್ಲಿಯೇ ಉಳಿಯಿತು. ನ್ಯೂಯಾರ್ಕಿನಲ್ಲಿ ಕಾರ್ಮೆನ್, ವ್ರೊಬ್ಲೆವ್‌ಸ್ಕಿ, ಲಾಡ್ಯೂ ಎಂಬ ಮೂವರು ಮನುಷ್ಯರ ಸೀರಮ್ಮಿನಲ್ಲಿಯೂ ಈ ಕಿಣ್ವವಿರುವುದನ್ನು ಕಂಡು, ಹೃದಯಾಘಾತವಾದವರಲ್ಲಿ ಅದು ಏರುವುದೆಂದು ೧೯೫೪ರಲ್ಲಿ ವರದಿಮಾಡಿದರು. ಸತ್ತ ಹೃದಯಸ್ನಾಯುವಿನ ಕೋಶಗಳಿಂದ ಕಿಣ್ವ ಸೋರಿ ರಕ್ತಕ್ಕೆ ಬಂದಿತ್ತು. ಹೃದಯಕ್ಕಾಗಿ ಹುಡುಕಿದ ಗುರುತು ಯಕೃತ್ತಿಗೆ ಇನ್ನೂ ಹೆಚ್ಚಾಗಿ ಒದಗಿತು. ಮರುವರ್ಷವೇ, ೧೯೫೫ರಲ್ಲಿ, ನ್ಯೂಯಾರ್ಕಿನಲ್ಲಿಯೂ ಇಟಲಿಯ ನೇಪಲ್ಸ್‌ನಲ್ಲಿಯೂ ಯಕೃತ್ತಿನ ರೋಗದಲ್ಲಿ ಇದರ ಏರಿಕೆ ಪ್ರಕಟವಾಯಿತು. ನೇಪಲ್ಸ್‌ನ ದೆ ರೀಟಿಸ್, ಕೋಲ್ತೋರ್ತಿ, ಜೂಸ್ತಿ ಎಂಬುವರು ವೈರಸ್ಸಿನ ಯಕೃತ್ತಿನ ಉರಿಯೂತದಲ್ಲಿ ಇದನ್ನು ಅಭ್ಯಸಿಸಿದರು. ಎರಡು ಟ್ರಾನ್ಸ್‌ಅಮಿನೇಸುಗಳ ಅನುಪಾತಕ್ಕೆ ಇಂದೂ ದೆ ರೀಟಿಸನ ಹೆಸರೇ ಇದೆ.

ಈ ಎರಡನ್ನೂ ಅಂದು ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂದು ಕರೆದರು, ಇಂದಿನ ಶಾಸ್ತ್ರೀಯ ಹೆಸರುಗಳ ಸಂಕ್ಷೇಪ ಎ.ಎಸ್.ಟಿ., ಎ.ಎಲ್.ಟಿ. ನಮ್ಮಲ್ಲಿ ಎರಡೂ ರೂಢಿಯಲ್ಲಿವೆ. ಕಾರ್ಮೆನ್ನನ ವಿಧಾನಕ್ಕೆ ನೇರಿಳಾತೀತ ಕಿರಣಗಳನ್ನು ಅಳೆಯುವ ಬೆಲೆಯುಳ್ಳ ಯಂತ್ರ ಬೇಕಾಗಿತ್ತು. ೧೯೫೭ರಲ್ಲಿ ರೀಟ್‌ಮನ್ ಮತ್ತು ಫ್ರಾಂಕೆಲ್ ಎಂಬುವರು, ಕ್ರಿಯೆಯಿಂದ ಬಂದ ದ್ರವ್ಯಕ್ಕೆ ಕಂದು ಬಣ್ಣ ಬರಿಸಿ, ಆ ಬಣ್ಣದ ಗಾಢತೆಯನ್ನು ಅಳೆಯುವ ಸುಲಭ ಮಾರ್ಗವನ್ನು ಕೊಟ್ಟರು. ಸಾಧಾರಣ ಬಣ್ಣಮಾಪಕವಿದ್ದ ಸಣ್ಣ ಪ್ರಯೋಗಶಾಲೆಗೂ ಈ ಪರೀಕ್ಷೆ ಹೀಗೆ ಎಟಕುವಂತಾಯಿತು.

೬. ಹೆಸರಿಲ್ಲದ ರೋಗಗಳು

ಈ ಪರೀಕ್ಷೆ ಹುಟ್ಟಿದ ಕಾಲದಲ್ಲಿಯೇ ನಮ್ಮ ದೇಶದಲ್ಲಿ ಒಂದು ದೊಡ್ಡ ಪಿಡುಗು ನಡೆಯಿತು. ೧೯೫೫ರ ಪ್ರವಾಹದ ತರುವಾಯ ಯಮುನೆಯ ಪಾತ್ರ ಸರಿದು, ನಜಫ್‌ಗಢ ನಾಲೆಯ ಕೊಳಚೆಯು ದೆಹಲಿಯ ಕುಡಿಯುವ ನೀರಿನ ಸೆಳವಿನ ಸ್ಥಳವನ್ನು ಸೇರಿತು. ೧೯೫೫ರ ಕೊನೆಯಿಂದ ೧೯೫೬ರ ಆರಂಭದವರೆಗೆ ಸುಮಾರು ೨೯,೦೦೦ ಮಂದಿಗೆ ಕಾಮಾಲೆ ತಗುಲಿತು. ಗರ್ಭಿಣಿಯರಿಗೆ ಅದು ವಿಶೇಷ ಮಾರಕವಾಗಿತ್ತು. ಅಂದಿನ ತಿಳಿವಳಿಕೆಯಂತೆ ಅದನ್ನು ಸಾಮಾನ್ಯ ಸಾಂಕ್ರಾಮಿಕ ಕಾಮಾಲೆಯೆಂದೇ ಎಣಿಸಲಾಯಿತು. ಕಾಪಾಡಿ ಇಟ್ಟಿದ್ದ ಸೀರಮ್ಮುಗಳನ್ನು ಹೊಸ ವಿಧಾನದಿಂದ ಪರೀಕ್ಷಿಸಿದಾಗ, ಅದಕ್ಕೆ ಕಾರಣ ಎ ವೈರಸ್ ಅಲ್ಲವೆಂದು ೧೯೮೦ರಲ್ಲಿ ಗೊತ್ತಾಯಿತು. ೧೯೮೩ರಲ್ಲಿ ಸೋವಿಯತ್ ವಿಜ್ಞಾನಿ ಬಲಯಾನನು ರೋಗಿಗಳ ಮಲದಿಂದ ತೆಗೆದ ಸಾರವನ್ನು ತಾನೇ ಕುಡಿದು, ರೋಗಕ್ಕೆ ತುತ್ತಾಗಿ, ಆ ಹೊಸ ವೈರಸ್ಸಿನ ಕಣಗಳನ್ನು ಕಂಡನು. ಅದಕ್ಕೆ ಮುಂದೆ ಹೆಪಟೈಟಿಸ್ ಇ ಎಂದು ಹೆಸರಾಯಿತು.

ಇನ್ನೊಂದು ಪ್ರಸಂಗ ರಕ್ತದಾನಕ್ಕೆ ಸಂಬಂಧಿಸಿದುದು. ಎ ಮತ್ತು ಬಿ ವೈರಸ್ಸುಗಳನ್ನು ಗುರುತಿಸುವ ಪರೀಕ್ಷೆಗಳು ಬಂದ ಮೇಲೆ, ೧೯೭೫ರಲ್ಲಿ, ರಕ್ತ ಪಡೆದವರಲ್ಲಿ ಕಾಣುವ ಯಕೃತ್ತಿನ ಉರಿಯೂತಗಳಲ್ಲಿ ಬಹುಪಾಲು ಈ ಎರಡಕ್ಕೂ ಸೇರಿದುವಲ್ಲವೆಂದು ಅಮೆರಿಕದಲ್ಲಿ ತಿಳಿಯಿತು. ಅದಕ್ಕೆ 'ಎ ಅಲ್ಲದ, ಬಿ ಅಲ್ಲದ' ಎಂಬ ನಿಷೇಧರೂಪದ ಹೆಸರನ್ನೇ ಇಡಬೇಕಾಯಿತು. ಅನೇಕ ರೋಗಿಗಳಿಗೆ ಕಾಮಾಲೆಯೂ ಇರಲಿಲ್ಲ, ಆಯಾಸವೂ ಇರಲಿಲ್ಲ. ಅವರ ವ್ಯಾಧಿಯ ಕುರುಹಾಗಿದ್ದುದು ತಿಂಗಳುಗಟ್ಟಲೆ ಏರಿಳಿಯುತ್ತಿದ್ದ ಎ.ಎಲ್.ಟಿ.ಯ ಅಂಕಿಯೊಂದೇ. ವೈರಸ್ಸನ್ನು ಕಾಣಲಾಗದ ಆ ವರ್ಷಗಳಲ್ಲಿ, ದಾನಿಗಳ ರಕ್ತದಲ್ಲಿ ಈ ಕಿಣ್ವ ಹೆಚ್ಚಾಗಿದ್ದರೆ ಆ ರಕ್ತವನ್ನು ನಿರಾಕರಿಸುವ ಪದ್ಧತಿ ಅಮೆರಿಕದಲ್ಲಿ ೧೯೮೬-೮೭ರಲ್ಲಿ ಜಾರಿಗೆ ಬಂತು. ೧೯೮೯ರಲ್ಲಿ ಹೆಪಟೈಟಿಸ್ ಸಿ ವೈರಸ್ಸಿನ ಪತ್ತೆಯಾದ ಮೇಲೆ ನೇರ ಪರೀಕ್ಷೆ ಬಂತು. ಆ ಸಾಧನೆಗೆ ಸಂಬಂಧಿಸಿ ಆಲ್ಟರ್, ಹೌಟನ್, ರೈಸ್ ಎಂಬ ಮೂವರಿಗೆ ೨೦೨೦ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ಎರಡು ಪ್ರಸಂಗಗಳಿಂದಲೂ ತಿಳಿಯುವುದಿಷ್ಟು. ರಕ್ತದಲ್ಲಿನ ಕಿಣ್ವ ಕೋಶಕ್ಕೆ ಹಾನಿಯಾಗಿದೆಯೆಂದು ಹೇಳಬಲ್ಲುದು. ಹಾನಿ ಮಾಡಿದವರಾರೆಂದು ಹೇಳಲಾರದು. ಹದಿನಾಲ್ಕು ವರ್ಷ ಕಾಲ ಹೆಸರಿಲ್ಲದ ವೈರಸ್ಸಿಗೆ ಅದು ಸಾಕ್ಷಿಯಾಗಿ ನಿಂತಿತು. ಆದರೆ ಸಾಕ್ಷ್ಯದಿಂದ ಹೆಸರಿಗೆ ಹೋಗುವುದಕ್ಕೆ ಬೇರೆ ಶೋಧವೇ ಬೇಕಾಯಿತು.

೭. ಅಂಕಿಯನ್ನು ಓದುವ ಕ್ರಮ

ಈ ಹಿನ್ನೆಲೆಯಲ್ಲಿ ಇಂದಿನ ವರದಿಯನ್ನು ನೋಡಬಹುದು. ಎ.ಎಲ್.ಟಿ.ಯು ಪ್ರಧಾನವಾಗಿ ಯಕೃತ್ತಿನ ಕೋಶದ ರಸದಲ್ಲಿರುತ್ತದೆ. ಎ.ಎಸ್.ಟಿ.ಯು ಯಕೃತ್ತಿನಲ್ಲಿ ಮಾತ್ರವಲ್ಲದೆ ಹೃದಯ, ಸ್ನಾಯು, ಕೆಂಪು ರಕ್ತಕಣಗಳಲ್ಲಿಯೂ ಇದೆ. ಯಕೃತ್ತಿನ ಕೋಶದಲ್ಲಿ ಅದರ ಬಹುಭಾಗ ಮೈಟೊಕಾಂಡ್ರಿಯದೊಳಗೆ ಹುದುಗಿರುತ್ತದೆ. ಆದುದರಿಂದ ಕಠಿಣವಾದ ವ್ಯಾಯಾಮ ಮಾಡಿದವನಲ್ಲಿಯೂ ಸ್ನಾಯುರೋಗವಿರುವವನಲ್ಲಿಯೂ ಇವು ಏರಬಹುದು, ಯಕೃತ್ತು ನಿರ್ದೋಷಿಯಾಗಿರಬಹುದು. ಬೆಳೆಯುವ ಹುಡುಗರಲ್ಲಿ ಎಲುಬಿನಿಂದಲೂ ತುಂಬುಗರ್ಭಿಣಿಯರಲ್ಲಿ ಮಾಸಿನಿಂದಲೂ ಆಲ್ಕಲೈನ್ ಫಾಸ್ಫಟೇಸ್ ಹೆಚ್ಚುವುದು ಸಹಜ.

ಏರಿಕೆಯ ಪ್ರಮಾಣ ಕಾರಣವನ್ನು ಸ್ವಲ್ಪಮಟ್ಟಿಗೆ ಸೂಚಿಸುತ್ತದೆ. ಸಾವಿರವನ್ನು ಮೀರಿದ ಅಂಕಿ ಸಾಮಾನ್ಯವಾಗಿ ವೈರಸ್ಸಿನ ತೀವ್ರ ಉರಿಯೂತವನ್ನೋ, ಪ್ಯಾರಸಿಟಮಾಲ್ ಮೊದಲಾದ ಔಷಧಗಳ ಅತಿಸೇವನೆಯನ್ನೋ, ಯಕೃತ್ತಿಗೆ ರಕ್ತ ಕಡಿಮೆಯಾದುದನ್ನೋ ತೋರಿಸುತ್ತದೆ. ಎರಡು ಮೂರು ಪಟ್ಟಿನ ಏರಿಕೆಗೆ ಕೊಬ್ಬು ತುಂಬಿದ ಯಕೃತ್ತು, ಮದ್ಯ, ದೀರ್ಘಕಾಲದ ಬಿ ಅಥವಾ ಸಿ ವೈರಸ್, ಔಷಧಗಳು ಇವೇ ಮೊದಲಾದ ಕಾರಣಗಳುಂಟು. ಕ್ಷಯರೋಗಕ್ಕೆ ಕೊಡುವ ಐಸೋನಿಯಜಿಡ್, ರಿಫಾಂಪ್ಸಿನ್, ಪೈರಜಿನಮೈಡ್ ಎಂಬ ಔಷಧಗಳು ಕೆಲವರ ಯಕೃತ್ತಿಗೆ ಹಾನಿಮಾಡುವುದರಿಂದ ನಮ್ಮ ದೇಶದಲ್ಲಿ ಈ ಪರೀಕ್ಷೆಗೆ ವಿಶೇಷ ಮಹತ್ವವಿದೆ. ಮದ್ಯಪಾನಿಗಳಲ್ಲಿ ಎ.ಎಸ್.ಟಿ.ಯು ಎ.ಎಲ್.ಟಿ.ಯ ಎರಡರಷ್ಟನ್ನು ಮೀರುವುದುಂಟು. ಮದ್ಯವು ಮೈಟೊಕಾಂಡ್ರಿಯವನ್ನು ಘಾಸಿಗೊಳಿಸುವುದೂ, ಬಿ-೬ ಜೀವಸತ್ವದ ಕೊರತೆಯಿಂದ ಎ.ಎಲ್.ಟಿ.ಯ ಕೆಲಸ ಕುಗ್ಗುವುದೂ ಇದಕ್ಕೆ ಕಾರಣಗಳೆಂದು ಹೇಳುತ್ತಾರೆ.

ಇಲ್ಲಿ ಒಂದು ನಾಮದೋಷವನ್ನು ಎತ್ತಿ ತೋರಿಸುವುದು ಅವಶ್ಯಕ. ಈ ಪರೀಕ್ಷೆಗಳ ಗುಂಪನ್ನು 'ಯಕೃತ್ತಿನ ಕಾರ್ಯಪರೀಕ್ಷೆ' ಎಂದು ಕರೆಯುವ ವಾಡಿಕೆಯಿದೆ. ಆದರೆ ಟ್ರಾನ್ಸ್‌ಅಮಿನೇಸುಗಳು ಯಕೃತ್ತಿನ ಕಾರ್ಯವನ್ನು ಅಳೆಯುವುದಿಲ್ಲ. ಕೋಶದ ಗಾಯವನ್ನು ಅಳೆಯುತ್ತವೆ. ಕಾರ್ಯವನ್ನು ತಿಳಿಯಬೇಕಾದರೆ ಯಕೃತ್ತು ತಯಾರಿಸುವ ಆಲ್ಬುಮಿನ್ ಎಷ್ಟಿದೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು, ಬಿಲಿರೂಬಿನ್ ವಿಸರ್ಜನೆಯಾಗುತ್ತಿದೆಯೇ ಎಂಬುದನ್ನು ನೋಡಬೇಕು. ಈ ಭೇದವನ್ನು ಮರೆತರೆ ಅನರ್ಥವಾಗಬಹುದು. ರಕ್ತದಿಂದ ಎ.ಎಸ್.ಟಿ.ಯು ಅರ್ಧದಷ್ಟು ಮಾಯವಾಗುವುದಕ್ಕೆ ಸುಮಾರು ೧೭ ಗಂಟೆಯೂ ಎ.ಎಲ್.ಟಿ.ಗೆ ಸುಮಾರು ೪೭ ಗಂಟೆಯೂ ಸಾಕು. ತೀವ್ರ ಕಾಮಾಲೆಯ ರೋಗಿಯೊಬ್ಬನ ಅಂಕಿ ಕೆಲವೇ ದಿನಗಳಲ್ಲಿ ೨,೦೦೦ದಿಂದ ೨೦೦ಕ್ಕೆ ಇಳಿಯಿತೆನ್ನೋಣ. ಕಾಮಾಲೆಯೂ ಇಳಿಯುತ್ತಿದ್ದರೆ ಅದು ಚೇತರಿಕೆಯ ಲಕ್ಷಣ. ಆದರೆ ಕಣ್ಣಿನ ಹಳದಿ ಹೆಚ್ಚುತ್ತ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತ, ರೋಗಿಗೆ ಮಂಪರು ಕವಿಯುತ್ತ ಇದ್ದರೆ ಅದೇ ಇಳಿಕೆ ಭಯಂಕರವಾದುದು. ಸೋರಿಹೋಗಲು ಕೋಶಗಳೇ ಉಳಿದಿಲ್ಲವೆಂದು ಅದರ ಅರ್ಥ. ಮನೆಯವರು ಸಂತೋಷಪಡುವ ಆ ಗಳಿಗೆಯಲ್ಲಿಯೇ ವೈದ್ಯನು ಹೆಚ್ಚು ಎಚ್ಚರಗೊಳ್ಳುತ್ತಾನೆ. ಹಾಗೆಯೇ ವರ್ಷಗಳಿಂದ ಗಾಯದ ನಾರುಗಟ್ಟಿ ಗಡುಸಾದ ಸಿರೋಸಿಸ್ ಯಕೃತ್ತಿನಲ್ಲಿ ಕಿಣ್ವಗಳ ಅಂಕಿ ಸಾಮಾನ್ಯವಾಗಿಯೇ ಇರಬಹುದು.

'ಸಾಮಾನ್ಯ' ಎಂಬ ಮೇರೆಯೂ ಪ್ರಕೃತಿ ಎಳೆದ ಗೆರೆಯಲ್ಲ. ಆರೋಗ್ಯವಂತರೆಂದು ಭಾವಿಸಿದ ಒಂದು ಸಮೂಹವನ್ನು ಅಳೆದು ಅದನ್ನು ಗೊತ್ತುಮಾಡುತ್ತಾರೆ. ಆ ಸಮೂಹದಲ್ಲಿಯೇ ತಿಳಿಯದ ವೈರಸ್ ರೋಗಿಗಳೂ ಕೊಬ್ಬಿನ ಯಕೃತ್ತಿನವರೂ ಸೇರಿದ್ದರೆ ಮೇರೆ ಮೇಲಕ್ಕೆ ಸರಿಯುತ್ತದೆ. ೨೦೦೨ರಲ್ಲಿ ಇಟಲಿಯ ಪ್ರಾತಿ ಮತ್ತು ಸಂಗಡಿಗರು ಅಂಥವರನ್ನು ಬಿಟ್ಟು ಲೆಕ್ಕಹಾಕಿ, ಎ.ಎಲ್.ಟಿ.ಯ ಮೇಲ್ಮಿತಿ ಪುರುಷರಿಗೆ ೩೦, ಸ್ತ್ರೀಯರಿಗೆ ೧೯ ಯೂನಿಟ್ ಇರಬೇಕೆಂದು ಸೂಚಿಸಿದರು. ಅನೇಕ ಪ್ರಯೋಗಶಾಲೆಗಳು ಮುದ್ರಿಸುವ ಮಿತಿಗಿಂತ ಇದು ಕಡಮೆ.

೮. ಉಪಸಂಹಾರ

ಹುದುಗಿನ ಪಾತ್ರೆಯಲ್ಲಿ ಆರಂಭವಾದ ವಿಚಾರ ಒಂದು ಹನಿ ರಕ್ತದಲ್ಲಿ ಬಂದು ನಿಂತ ಬಗೆಯನ್ನು ಮೇಲೆ ಸಂಕ್ಷೇಪವಾಗಿ ನಿರೂಪಿಸಲಾಗಿದೆ. ಬುಕ್ನರನು ಯೀಸ್ಟನ್ನು ಅರೆದು ಹಿಂಡಿದಾಗ ಮಾಡಿದುದನ್ನೇ ವೈರಸ್ಸೋ ವಿಷವೋ ಮದ್ಯವೋ ನಮ್ಮ ಯಕೃತ್ತಿನಲ್ಲಿ ಮಾಡುತ್ತದೆ. ಕೋಶ ಒಡೆಯುತ್ತದೆ, ಕಿಣ್ವ ಹೊರಬರುತ್ತದೆ, ಹೊರಬಂದ ಮೇಲೂ ಕೆಲಸಮಾಡುತ್ತದೆ. ಕೆಲಸಮಾಡುವುದರಿಂದಲೇ ಅದನ್ನು ನಾವು ಅಳೆಯಬಲ್ಲೆವು.

ಈ ಮೂಲವನ್ನು ನೆನಪಿನಲ್ಲಿಟ್ಟುಕೊಂಡವನು ವರದಿಯ ಅಂಕಿಯನ್ನು ಕಂಡು ಅನವಶ್ಯಕವಾಗಿ ಗಾಬರಿಗೊಳ್ಳುವುದಿಲ್ಲ; ಇಳಿದುದನ್ನು ಕಂಡು ಅವಸರದಿಂದ ನಿಶ್ಚಿಂತನಾಗುವುದೂ ಇಲ್ಲ. ಅಂಕಿ ರೋಗದ ಹೆಸರಲ್ಲ, ಪ್ರಶ್ನೆಯೊಂದರ ಆರಂಭ. ಆ ಪ್ರಶ್ನೆಗೆ ಉತ್ತರವನ್ನು ರೋಗಿಯ ವೃತ್ತಾಂತದಲ್ಲಿಯೂ, ಅವನು ಸೇವಿಸಿದ ಔಷಧ ಆಹಾರಗಳಲ್ಲಿಯೂ, ಇತರ ಪರೀಕ್ಷೆಗಳಲ್ಲಿಯೂ ಅರಸಬೇಕು. ಕಾಲೇಜುಗಳಲ್ಲಿ ಜೀವರಸಾಯನವನ್ನು ಬೋಧಿಸುವಾಗ ಕಿಣ್ವದ ಸೂತ್ರವನ್ನೂ ಅದರ ಚರಿತ್ರೆಯನ್ನೂ ಜೊತೆಯಾಗಿ ಹೇಳಿದರೆ, ವಿದ್ಯಾರ್ಥಿಯು ನಾಳೆ ತನ್ನ ಮನೆಗೆ ಬರುವ ಆ ಒಂದು ಹಾಳೆಯನ್ನು ಸರಿಯಾಗಿ ಓದಬಲ್ಲವನಾಗುತ್ತಾನೆ.